ಒಂದೇ ಟ್ರೈನರ್, ಹಲವು ಆ್ಯಪ್: ನಾನು ಅಳೆದು ನೋಡಿದ್ದು

ಮನೆಯೊಳಗೆ ಸೈಕಲ್ಲನ್ನು ಸ್ಮಾರ್ಟ್ ಟ್ರೈನರ್‌ಗೆ, ಅಂದರೆ ಆ್ಯಪ್ ಹೇಳಿದಂತೆ ಭಾರ ಕೊಡುವ ಯಂತ್ರಕ್ಕೆ, ಹಾಕಿ ತುಳಿಯುವವನು ನಾನು. ನನ್ನ ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿಯಬಲ್ಲ ವ್ಯಾಟ್) 215ರ ಆಸುಪಾಸಿನಲ್ಲಿ ನಿಂತುಹೋಗಿತ್ತು, ಈಗ 240 ದಾಟಿದೆ. ಆ್ಯಪ್‌ಗಳಿಗೆ ಕಟ್ಟಿದ ದುಡ್ಡು ಹಿಂದಿನ ಸೀಸನ್‌ಗೆ ಹೋಲಿಸಿದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ದುಡ್ಡು ಕಟ್ಟುವ ಜ್ವಿಫ್ಟ್ ಆ್ಯಪ್ ಕಡಿಮೆ ಮಾಡಿ, ಹೆಚ್ಚಾಗಿ ಪುಕ್ಕಟೆ ಆ್ಯಪ್‌ನಲ್ಲಿ ತುಳಿಯುವ ಪ್ಲಾನ್ ಹೇಳಿದಾಗ ಜೊತೆಗೆ ತುಳಿಯುವವರೆಲ್ಲ ನಕ್ಕಿದ್ದರು. "ಜ್ವಿಫ್ಟ್ ಬಿಟ್ಟು ನೋಡು, ಹದಿನೈದು ದಿನಕ್ಕೆ ಟ್ರೈನರ್ ಮೇಲೆ ಬಟ್ಟೆ ಒಣಗ್ತಿರುತ್ತೆ" ಅಂದ ಒಬ್ಬ. "ಪುಕ್ಕಟೆ ಆ್ಯಪ್‌ನಲ್ಲಿ ವ್ಯಾಟ್ ಕೂಡ ಪುಕ್ಕಟೆ" ಅಂದ ಇನ್ನೊಬ್ಬ. ಬಟ್ಟೆಯಂತೂ ಒಣಗಲಿಲ್ಲ. ವ್ಯಾಟ್ ಪುಕ್ಕಟೆ ಸಿಗುತ್ತದಾ ಎನ್ನುವುದನ್ನೂ ಅಳೆದೇ ಬಿಟ್ಟೆ.

ಮಾಡಿದ್ದು ಇಷ್ಟೇ. ಪರದೆಯ ಮೇಲಿನ ಚಿತ್ರ ನೋಡಿ ಆ್ಯಪ್ ಹೋಲಿಸುವುದನ್ನು ಬಿಟ್ಟೆ. ಎಲ್ಲಕ್ಕೂ ಒಂದೇ ವರ್ಕೌಟ್ ಕೊಟ್ಟು, ಬೇರೆ ಕಡೆಯಿಂದಲೂ ವ್ಯಾಟ್ ದಾಖಲಿಸಿದೆ. ಯಾವುದು ಯಾವ ಕೆಲಸಕ್ಕೆ ಸರಿ ಅನ್ನಿಸಿತೋ ಆ ಕೆಲಸಕ್ಕೆ ಮಾತ್ರ ಇಟ್ಟುಕೊಂಡೆ. ಒಂದು ಹೊತ್ತಿಗೆ ಒಂದಕ್ಕೆ ಮಾತ್ರ ದುಡ್ಡು.

ನನ್ನದು ಡೈರೆಕ್ಟ್ ಡ್ರೈವ್ ಟ್ರೈನರ್ (ಹಿಂದಿನ ಚಕ್ರ ತೆಗೆದು ಚೈನ್ ನೇರ ಇದಕ್ಕೇ ಹಾಕುವಂಥದ್ದು), ವ್ಯಾಟ್ ಅಳತೆಯ ತಪ್ಪು ಕಾಗದದ ಮೇಲೆ ±2%. ಜೊತೆಗೆ ವ್ಯಾಟ್ ಅಳೆಯುವ ಪವರ್ ಪೆಡಲ್. ಟ್ರೈನರ್ ಬ್ಲೂಟೂತ್‌ನಲ್ಲಿ ಆ್ಯಪ್‌ಗೆ, ಪೆಡಲ್ ಆಂಟ್ ಪ್ಲಸ್‌ನಲ್ಲಿ (ಬ್ಲೂಟೂತ್‌ನಂಥ ಇನ್ನೊಂದು ವೈರ್‌ಲೆಸ್) ಹೆಡ್ ಯೂನಿಟ್‌ಗೆ, ಅಂದರೆ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರ್‌ಗೆ. ಹೀಗೆ ಬೇರೆ ಮಾಡುವುದು ಮುಖ್ಯ. ಹಳೇ ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಬ್ಬರ ಮಾತನ್ನಷ್ಟೇ ಕೇಳುತ್ತವೆ. ಹಿನ್ನೆಲೆಯಲ್ಲಿ ಇನ್ನೊಂದು ಆ್ಯಪ್ ತೆರೆದಿದ್ದರೆ ಮುಗೀತು, ನಿಮಗೆ ಟ್ರೈನರ್ ಕಾಣುವುದೇ ಇಲ್ಲ. ಪ್ರತಿ ಸಲ ಹತ್ತು ನಿಮಿಷ ಬಿಸಿ ಮಾಡಿ, ಆಮೇಲೆ ಟ್ರೈನರ್‌ಗೆ ಸ್ಪಿನ್‌ಡೌನ್, ಪೆಡಲ್‌ಗೆ ಝೀರೋ ಆಫ್‌ಸೆಟ್. ಎರಡೂ ಅಳತೆ ಸರಿಪಡಿಸುವ ಕ್ರಮ.

ಶುರುವಿನಲ್ಲಿ ಸಿಕ್ಕ ಅಂಕಿ ಯಾವುದೂ ನಂಬುವ ಹಾಗಿರಲಿಲ್ಲ. ಒಂದು ಆ್ಯಪ್‌ನ ಗ್ರಾಫ್ ಗೆರೆ ಎಳೆದಷ್ಟು ನೇರ, ಇನ್ನೊಂದರದ್ದು ಹಲ್ಲುಹಲ್ಲು. ಪೆಡಲ್ ಫೈಲ್ ನೋಡಿದರೆ ಎರಡರಲ್ಲೂ ಕಾಲು ಅದೇ ರೀತಿ ಏರಿಳಿದಿದೆ! ಎರ್ಗ್ ಎಂದರೆ ಆ್ಯಪ್ ಹೇಳಿದ ವ್ಯಾಟ್‌ಗೆ ಟ್ರೈನರ್ ತಾನೇ ಭಾರ ಹೊಂದಿಸುವ ಮೋಡ್. ಕಾರಣ ಟ್ರೈನರ್‌ನ ಎರ್ಗ್ ಸ್ಮೂತಿಂಗ್. ಅದು ಆನ್ ಇದ್ದರೆ ನೀವು ತುಳಿದ ವ್ಯಾಟ್ ಬದಲು ಗುರಿಯ ಹತ್ತಿರದ ವ್ಯಾಟ್ ತೋರಿಸುತ್ತದೆ. ಆಫ್ ಮಾಡಿ ಮತ್ತೆ ಮೊದಲಿಂದ. ನೇರ ಗೆರೆ ನೋಡಿ "ಈ ಆ್ಯಪ್ ಎರ್ಗ್ ಚೆನ್ನಾಗಿ ಹಿಡಿಯುತ್ತೆ" ಎನ್ನುವವರ ಮಾತು ಅಂದಿನಿಂದ ನಾನು ಕೇಳುವುದಿಲ್ಲ.

ಆಮೇಲೆ ಬಂದದ್ದು ಸ್ವಾರಸ್ಯದ ಫಲಿತಾಂಶ. 200 ವ್ಯಾಟ್‌ನ 20 ನಿಮಿಷದ ಬ್ಲಾಕ್‌ನಲ್ಲಿ ಆ್ಯಪ್‌ಗಳ ನಡುವಿನ ಅಂತರ ಒಂದೆರಡು ವ್ಯಾಟ್. ಅದು ಅಳತೆಯ ಏರುಪೇರಿನಲ್ಲೇ ಕಳೆದುಹೋಗುವಷ್ಟು. ಪೆಡಲ್ ಯಾವಾಗಲೂ ಟ್ರೈನರ್‌ಗಿಂತ ಐದಾರು ವ್ಯಾಟ್ ಜಾಸ್ತಿ, ಅದು ಚೈನ್ ತಿನ್ನುವ ಪಾಲು. ಅಂದರೆ ವ್ಯಾಟ್ ಬರುವುದು ಟ್ರೈನರ್‌ನಿಂದ. ಆ್ಯಪ್ ಬರೀ ಆರ್ಡರ್ ಕೊಡುತ್ತದೆ. ಪುಕ್ಕಟೆಯೋ ದುಬಾರಿಯೋ, ಇದರಲ್ಲಿ ವ್ಯತ್ಯಾಸವಿಲ್ಲ. ವೇಗ, ದೂರ ಮಾತ್ರ ಹೋಲಿಸಲೇಬೇಡಿ. ಒಂದೊಂದು ಆ್ಯಪ್‌ಗೆ ಒಂದೊಂದು ಭೌತಶಾಸ್ತ್ರ. ತೂಕ, ಎತ್ತರ, ಆಟದೊಳಗಿನ ಸೈಕಲ್, ಚಕ್ರ ಎಲ್ಲ ಸೇರಿ ಅದೇ ವ್ಯಾಟ್‌ಗೆ ಬೇರೆ ಬೇರೆ ಕಿಲೋಮೀಟರ್ ಕೊಡುತ್ತವೆ.

ನಿಜವಾದ ವ್ಯತ್ಯಾಸ ಕಂಡದ್ದು ಮೂವತ್ತು-ಮೂವತ್ತು ಸೆಕೆಂಡ್ ಇಂಟರ್ವಲ್‌ಗಳಲ್ಲಿ (ಮೂವತ್ತು ಜೋರು, ಮೂವತ್ತು ಹಗುರ). ದೊಡ್ಡ ಚೈನ್‌ರಿಂಗ್‌ನಲ್ಲಿದ್ದಾಗ (ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರ) ಭಾರ ಬರುವುದು ನಾಲ್ಕು ಸೆಕೆಂಡ್ ತಡ. ಮೂವತ್ತರಲ್ಲಿ ನಾಲ್ಕು ಹೋದರೆ ಉಳಿದದ್ದೇನು? ಸಣ್ಣ ರಿಂಗ್, ಹಿಂದೆ ಮಧ್ಯದ ಕಾಗ್ (ಹಲ್ಲುಚಕ್ರ) ಹಾಕಿದರೆ ಟ್ರೈನರ್ ಒಳಗಿನ ಭಾರದ ಗಾಲಿ, ಫ್ಲೈವೀಲ್, ನಿಧಾನ ತಿರುಗುತ್ತದೆ, ಭಾರ ಬೇಗ ಹಿಡಿಯುತ್ತದೆ, ತಡ ಅರ್ಧಕ್ಕಿಂತ ಕಡಿಮೆ. ಆ್ಯಪ್ ಬದಲಿಸಿ ಸಿಗದ ಲಾಭ ಗೇರ್ ಬದಲಿಸಿ ಸಿಕ್ಕಿತು. ಸರಿಯಾಗಿ ಯಾವ ಹಲ್ಲು ಅಂತ ಹೇಳುವುದಿಲ್ಲ, ಅದಕ್ಕೆ ಸಾಕಷ್ಟು ಸಂಜೆಗಳು ಹೋಗಿವೆ. ನಿಮ್ಮ ಟ್ರೈನರ್‌ಗೆ ನೀವೇ ಹುಡುಕಿಕೊಳ್ಳಿ.

ಇನ್ನೊಂದು ಪರೀಕ್ಷೆ ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ. ಇಂಟರ್ವಲ್ ನಡುವೆ ಬೇಕಂತಲೇ ಹತ್ತು ಸೆಕೆಂಡ್ ಕಾಲು ನಿಲ್ಲಿಸುವುದು. ನಿಜ ಜೀವನದಲ್ಲಿ ಫೋನ್ ಬರುತ್ತೆ, ಟವೆಲ್ ಬೀಳುತ್ತೆ, ಅಲ್ವಾ? ಕೆಲವು ಆ್ಯಪ್ ಭಾರ ಬಿಟ್ಟು, ಮತ್ತೆ ತುಳಿದಾಗ ಮೆಲ್ಲಗೆ ಏರಿಸುತ್ತವೆ. ಒಂದಂತೂ 260 ವ್ಯಾಟನ್ನು ಒಮ್ಮೆಲೇ ಮೇಲೆ ಹೇರಿತು. ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 85ರಿಂದ 60, ಆಮೇಲೆ 40. ಕೇಡೆನ್ಸ್ ಇಳಿದಷ್ಟೂ ಟ್ರೈನರ್ ಇನ್ನಷ್ಟು ಬಿಗಿ. ಕೆಸರಿನಲ್ಲಿ ಹೂತ ಎತ್ತಿನಗಾಡಿಯ ಹಾಗೆ ನಿಂತೇಹೋದೆ. ಅದರ ಹೆಸರು ಬೇಡ. ಮಂಡಿ ಆಮೇಲೆ ಒಂದು ವಾರ ನೆನಪಿಸುತ್ತಿತ್ತು.

ಈಗ ಆ್ಯಪ್‌ಗಳ ಮಾತು.

ಜ್ವಿಫ್ಟ್‌ನಲ್ಲಿ ನಾನು ದುಡ್ಡು ಕೊಡುವುದು ಜನಕ್ಕೆ. ಯಾವ ಹೊತ್ತಿಗೆ ಕೂತರೂ ರೇಸ್ ಇದೆ, ಗುಂಪು ಇದೆ. ಇದನ್ನು ಬೇರೆ ಯಾರೂ ಇನ್ನೂ ಮುಟ್ಟಿಲ್ಲ. ಆದರೆ ಟ್ರೈನರ್ ಡಿಫಿಕಲ್ಟಿ ಎಂಬ ಸೆಟ್ಟಿಂಗ್ ಶುರುವಿಗೇ 50%ರಲ್ಲಿ ಕೂತಿರುತ್ತದೆ. 10% ಏರು ಕಾಲಿಗೆ 5%ರಂತೆ ಬರುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ. ಹಾಗಾದರೆ ನೋಡಿಯೇ ಬಿಡೋಣ ಅಂತ ಆಲ್ಪ್ ಡು ಜ್ವಿಫ್ಟ್ ಒಮ್ಮೆ 50ರಲ್ಲಿ, ಒಮ್ಮೆ 100ರಲ್ಲಿ ಹತ್ತಿದೆ. ಅದು ಫ್ರಾನ್ಸಿನ ಆಲ್ಪ್ ದುಯೆಜ್ ಬೆಟ್ಟದ ರಸ್ತೆಯ ನಕಲು: ಸುಮಾರು 12.2 ಕಿ.ಮೀ., 1,036 ಮೀಟರ್ ಏರು, 21 ತಿರುವು. ನಾನು 74 ಕೆಜಿ. ಎರಡೂ ಸಲ 230 ವ್ಯಾಟ್ ಹಿಡಿಯಲು ನೋಡಿದೆ. ಸಮಯ ಎರಡೂ ಸಲ ಒಂದು ಗಂಟೆ ಮೀರಿ ಮೂರು ನಿಮಿಷದ ಹತ್ತಿರ. ಕೇಡೆನ್ಸ್ ಮಾತ್ರ 78 ಇದ್ದದ್ದು 64ಕ್ಕೆ ಇಳಿಯಿತು. ವ್ಯಾಟ್ ಅಷ್ಟೇ ಇದ್ದರೆ ಸಮಯವೂ ಅಷ್ಟೇ. ಬದಲಾಗುವುದು ಗೇರ್ ಸಾಕಾಗುತ್ತಾ ಎಂಬ ಪ್ರಶ್ನೆ ಮಾತ್ರ. ನಿಜವಾದ ಬೆಟ್ಟಕ್ಕೆ ಹೋಗುವ ಮುಂಚೆ 100, ರೇಸ್‌ಗೆ 50, ಇದು ನನ್ನ ಲೆಕ್ಕ.

ರೂವಿ ನಿಜವಾದ ರಸ್ತೆಯ ವಿಡಿಯೋ. ಮುಂದೆ ಹತ್ತಬೇಕಾದ ಏರು ಅಲ್ಲಿದ್ದರೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಎಲ್ಲಿ ಉಸಿರು ಹಿಡಿಯುತ್ತದೆ, ಎಲ್ಲಿ ಸ್ವಲ್ಪ ಸಡಿಲ, ಎಲ್ಲ ಮೊದಲೇ ಕಾಲಿಗೆ ಗೊತ್ತಾಗಿರುತ್ತದೆ. ನಾನು ಒಂದು ತಿಂಗಳಿಗೆ ಮಾತ್ರ ತೆಗೆದುಕೊಂಡು, ಒಂದೇ ರಸ್ತೆಯನ್ನು ಮತ್ತೆ ಮತ್ತೆ ತುಳಿದು ಬಿಟ್ಟೆ. ದಿನಾ ನೋಡಲು ಬೇಜಾರು. ವೇಗ ಇಳಿದಾಗ ವಿಡಿಯೋ ಎಳೆದಾಡುವುದು ಕಣ್ಣಿಗೆ ಒಗ್ಗಲಿಲ್ಲ.

ಮೈವೂಶ್ ಪೂರ್ತಿ ಪುಕ್ಕಟೆ. ಜನ ಮೂಗು ಮುರಿಯುವುದು ಇಲ್ಲೇ. ಆದರೆ 2024ರ ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಸೈಕ್ಲಿಂಗ್ ಈಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಇದರ ಮೇಲೆಯೇ, ಫೈನಲ್ ಅಬುಧಾಬಿಯಲ್ಲಿ. ಅದಕ್ಕೆ ಮೊದಲು 2020ರಿಂದ ಜ್ವಿಫ್ಟ್ ಮೇಲೆ ನಡೆಯುತ್ತಿತ್ತು. ವಿಶ್ವ ಚಾಂಪಿಯನ್‌ಗೆ ಸಾಕಾದದ್ದು ನನಗೆ ಸಾಲದಾ? ಮೆನು ಸ್ವಲ್ಪ ಒಡ್ಡೊಡ್ಡು, ಜನ ಕಡಿಮೆ. ಎರ್ಗ್‌ನಲ್ಲಿ ದೂರಲು ಏನೂ ಸಿಗಲಿಲ್ಲ. ವಾರದ ನಾಲ್ಕು ಸೆಷನ್‌ನಲ್ಲಿ ಮೂರು ಇದರ ಮೇಲೇ ಹೋದವು.

ಟ್ರೈನರ್‌ರೋಡ್‌ನಲ್ಲಿ ಊರೂ ಇಲ್ಲ, ರಸ್ತೆಯೂ ಇಲ್ಲ, ಬರೀ ನೀಲಿ ಬ್ಲಾಕ್. ಪ್ಲಾನ್ ಮಾಡಿಕೊಡುವವರು ಬೇಕು ಎನ್ನುವವರಿಗೆ ಅದು ಸರಿ. ನನ್ನ ಪ್ಲಾನ್ ನಾನೇ ಬರೆಯುತ್ತೇನೆ, ಹಾಗಾಗಿ ಬೇಡವಾಯಿತು. ವಾಹೂ ಸಿಸ್ಟಂ ಆ್ಯಪ್‌ನ ಫುಲ್ ಫ್ರಂಟಲ್ ಟೆಸ್ಟ್ ಒಂದು ನನಗೆ ಇಷ್ಟ: 5 ಸೆಕೆಂಡ್, 1 ನಿಮಿಷ, 5 ನಿಮಿಷ, 20 ನಿಮಿಷ ನಾಲ್ಕನ್ನೂ ಒಂದೇ ಕೂತಲ್ಲಿ ಹಿಂಡುತ್ತದೆ. ಭಾರ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ರ್‍ಯಾಂಪ್ ಟೆಸ್ಟ್‌ನಲ್ಲಿ ಎಫ್‌ಟಿಪಿಗೆ ಕೊನೆಯ ನಿಮಿಷದ 75% ಲೆಕ್ಕ ಹಾಕುತ್ತಾರಲ್ಲ, ಅದು ನನ್ನಂಥ ಸ್ಪ್ರಿಂಟ್ ಕಾಲಿನವರಿಗೆ ಸುಮ್ನೆ ಹೊಗಳಿಕೆ. ಹತ್ತು ವ್ಯಾಟ್ ಜಾಸ್ತಿ ತೋರಿಸಿ, ಮುಂದಿನ ವಾರ ಥ್ರೆಶೋಲ್ಡ್ (ಎಫ್‌ಟಿಪಿ ಹತ್ತಿರದ) ಸೆಷನ್‌ನಲ್ಲಿ ಸಾಯಿಸುತ್ತದೆ. ಮೇಲೆ ಹೇಳಿದ 240 ಇಪ್ಪತ್ತು ನಿಮಿಷದ ಸರಾಸರಿ ವ್ಯಾಟ್‌ನ 95% ಲೆಕ್ಕದ್ದು.

ದುಡ್ಡಿನ ವಿಷಯ. ವಾರ್ಷಿಕ ಚಂದಾ ಸಾಮಾನ್ಯವಾಗಿ ಹತ್ತು ತಿಂಗಳ ಬೆಲೆಗೆ ಹನ್ನೆರಡು ತಿಂಗಳು ಕೊಡುತ್ತದೆ. ನಾನು ಒಳಗೆ ತುಳಿಯುವುದು ವರ್ಷಕ್ಕೆ ಐದು ತಿಂಗಳು. ಹಾಗಿದ್ದರೆ ವಾರ್ಷಿಕ ಎಂದರೆ ಬಳಸುವುದಕ್ಕೆ ಎರಡು ಪಟ್ಟು ಕೊಟ್ಟಂತೆ. ತಿಂಗಳ ಲೆಕ್ಕದಲ್ಲೇ ಇರಿ. ಚಂದಾ ಕಟ್ಟಿದ ಮರುನಿಮಿಷವೇ ರದ್ದು ಮಾಡಿ, ಹೆಚ್ಚಿನವು ಆ ತಿಂಗಳು ಮುಗಿಯುವವರೆಗೆ ನಡೆಯುತ್ತವೆ. ಫೋನಿನ ಸ್ಟೋರ್‌ನಲ್ಲಿ ಕಟ್ಟಿದರೆ ಅಲ್ಲೇ ರದ್ದು ಮಾಡಬೇಕು, ಆ್ಯಪ್ ಅಳಿಸಿದರೆ ಸಾಲದು. ಒಂದು ಆ್ಯಪ್ ಟ್ರಯಲ್ ರದ್ದು ಮಾಡಿದ ಮೇಲೂ ಕಾರ್ಡಿನಿಂದ ಎರಡು ತಿಂಗಳು ಎಳೆದುಕೊಂಡಿತು. ವಾಪಸ್ ಪಡೆಯಲು ಬರೆದ ಪತ್ರಗಳನ್ನು ಸೇರಿಸಿದರೆ ಸಣ್ಣ ಕಾದಂಬರಿಯಾಗುತ್ತದೆ. ಒಂದು ತಿಂಗಳದ್ದು ಬಂತು, ಇನ್ನೊಂದು ಬರಲೇ ಇಲ್ಲ.

ಇನ್ನೊಂದು ಎಚ್ಚರಿಕೆ. ವರ್ಕೌಟ್‌ಗಳನ್ನು ಆ್ಯಪ್ ಒಳಗೆ ಇಟ್ಟುಕೊಳ್ಳಬೇಡಿ. ಆರ್‌ಜಿಟಿ ಎಂಬ ಒಳ್ಳೆಯ ಆ್ಯಪ್ ಇತ್ತು. ವಾಹೂ ಕಂಪನಿ ಕೊಂಡ ಮರುವರ್ಷವೇ, 2023ರ ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿತು. ಇಂಡಿವೆಲೋ ಎಂಬ ಇನ್ನೊಂದು ಆ್ಯಪ್ ಈಗ ಟ್ರೈನಿಂಗ್‌ಪೀಕ್ಸ್ ವರ್ಚುವಲ್ ಆಗಿದೆ. ನನ್ನವೆಲ್ಲ ಇಂಟರ್ವಲ್ಸ್ ಡಾಟ್ ಐಸಿಯು ವೆಬ್‌ಸೈಟಿನಲ್ಲಿ ಬರೆದು, ಜೆಡ್‌ಡಬ್ಲ್ಯೂಓ ಎಂಬ ವರ್ಕೌಟ್ ಫೈಲ್ ಆಗಿ ಇಳಿಸಿಟ್ಟಿದ್ದೇನೆ. ಯಾವ ಅಂಗಡಿ ಮುಚ್ಚಿದರೂ ಫೈಲ್ ನನ್ನದು.

ನಡುವೆ ದಾರಿ ತಪ್ಪಿದ್ದೂ ಉಂಟು. ಗೋಲ್ಡನ್‌ಚೀತಾ ಎಂಬ ಕಂಪ್ಯೂಟರ್ ಪ್ರೋಗ್ರಾಂನಿಂದಲೇ ಟ್ರೈನರ್ ಓಡಿಸಿ ನೋಡಿದೆ. ಪುಕ್ಕಟೆ, ಓಪನ್ ಸೋರ್ಸ್, ಗಟ್ಟಿ. ಆದರೆ ಸೆಟಪ್‌ಗೆ ಹೋದ ಹೊತ್ತಿನಲ್ಲಿ ಎರಡು ಸೆಷನ್ ಮುಗಿಸಬಹುದಿತ್ತು. ಆಂಟ್ ಪ್ಲಸ್ ಡಾಂಗಲ್ ಲ್ಯಾಪ್‌ಟಾಪ್ ಹಿಂದೆ ಇದ್ದಾಗ ಸಿಗ್ನಲ್ ಪದೇ ಪದೇ ಬೀಳುತ್ತಿತ್ತು. ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಟ್ರೈನರ್ ಪಕ್ಕಕ್ಕೆ ತಂದ ಮೇಲೆ ಆ ಕಾಟ ಮುಗಿಯಿತು. ವೈಫೈ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಕಿರುಚುತ್ತಿರುತ್ತದೆ, 5ಕ್ಕೆ ಬದಲಿಸಿ. ಟೆನಿಸ್ ಚೆಂಡು ಇಟ್ಟು ರಾಕರ್ ಪ್ಲೇಟ್ (ಟ್ರೈನರ್ ಅಡಿಗೆ ಇಡುವ ಓಲಾಡುವ ಹಲಗೆ) ಮಾಡಿದೆ. ಸೀಟಿಗೆ ಆರಾಮ, ವ್ಯಾಟ್‌ಗೆ ಏನೂ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಎರಡನೇ ಫ್ಯಾನ್. ಒಂದು ಎದೆಗೆ, ಒಂದು ಹಿಂದಿನಿಂದ ಬೆನ್ನಿಗೆ. ಅದೇ 200 ವ್ಯಾಟ್‌ನಲ್ಲಿ ಹೃದಯ ಬಡಿತ ಎಂಟು-ಹತ್ತು ಕಡಿಮೆ. ಯಾವ ಆ್ಯಪ್‌ನ ಚಂದಾಗೂ ಇಂಥ ಫಲ ಸಿಕ್ಕಿಲ್ಲ.

ಮುಂದಿನ ಸೀಸನ್‌ಗೆ ಲೆಕ್ಕ ಹೀಗಿದೆ. ಮೊದಲ ಮೂರು ತಿಂಗಳು ಮೈವೂಶ್‌ನಲ್ಲಿ ಎರ್ಗ್, ಖರ್ಚಿಲ್ಲ. ನಾಲ್ಕನೆಯದರಲ್ಲಿ ಜ್ವಿಫ್ಟ್, ಬರೀ ರೇಸ್. ಕೊನೆಯದರಲ್ಲಿ ರೂವಿ, ಹತ್ತಬೇಕಾದ ಬೆಟ್ಟ. ವರ್ಚುವಲ್ ಶಿಫ್ಟಿಂಗ್ (ಚೈನ್ ಸರಿಯದೆ, ಟ್ರೈನರ್ ಭಾರವೇ ಗೇರ್‌ನಂತೆ ಬದಲಾಗುವುದು) ಈಗ ಹಲವು ಕಡೆ ಬಂದಿದೆ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ತೆಗೆದು ಒಂದೇ ಕಾಗ್ ಹಾಕಿದರೂ ಸಾಕು ಎನ್ನುತ್ತಾರೆ. ನಾನು ಇನ್ನೂ ಹಾಕಿಲ್ಲ. ಹಾಕಿದರೆ ಗೇರ್ ಲೆಕ್ಕವೆಲ್ಲ ಮೊದಲಿಂದ ಅಳೆಯಬೇಕು. ಅಳೆದ ಮೇಲೆ ಬರೆಯುತ್ತೇನೆ.