ಎರಡು ದಿನದ ರಿಪೋರ್ಟ್ ಎಕ್ಸೆಲ್‌ನಲ್ಲಿ ಎರಡು ತಿಂಗಳಾಗಿತ್ತು: ಸರಿಮಾಡಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆ. ಜ್ವರದ ರೋಗಿಯ ರಕ್ತ ತೆಗೆದ ಮೇಲೆ ರಿಪೋರ್ಟ್ ಬರಲು ಎಷ್ಟು ಹೊತ್ತಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆವು. ಮಂಗನ ಕಾಯಿಲೆ ಸೀಸನ್‌ನಲ್ಲಿ ಇದು ಸುಮ್ನೆ ಅಂಕಿ ಅಲ್ಲ, ಅಲ್ವಾ? ಜನವರಿ 3ರ ಸ್ಯಾಂಪಲ್, 5ರ ರಿಪೋರ್ಟ್. ಎಕ್ಸೆಲ್ ಮಾತ್ರ ಮೊದಲ ಅಂಕಿಯನ್ನೇ ತಿಂಗಳು ಅಂದುಕೊಂಡು ಮಾರ್ಚ್ 1ರಿಂದ ಮೇ 1 ಅಂತ ಓದುತ್ತಿತ್ತು. 12ರ ನಂತರದ ತಾರೀಖುಗಳಿಗೆ ಬರೀ ಎರರ್.

ಸೆಲ್ ಫಾರ್ಮ್ಯಾಟ್ ಬದಲಿಸಿದರೆ ತೋರಿಕೆ ಮಾತ್ರ ಬದಲಾಯಿತು. ಅಕ್ಷರದ ತಾರೀಖನ್ನು ನಿಜವಾದ ತಾರೀಖಾಗಿ ಬದಲಿಸುವ ಡೇಟ್‌ವ್ಯಾಲ್ಯೂ ಸೂತ್ರವೂ ಹಾಗೇ ತಪ್ಪು ಓದಿತು. ವಿಚಿತ್ರ ಸಾಲುಗಳನ್ನು ಅಳಿಸಿ ನೋಡಿದೆವು. ಇದನ್ನಂತೂ ಮಾಡಬೇಡಿ, ನಿಜವಾಗಿ ತಡವಾದ ರೋಗಿಗಳೂ ಲೆಕ್ಕದಿಂದ ಹೋಗುತ್ತಾರೆ.

ಲ್ಯಾಬ್‌ನ ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಪಠ್ಯ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಲೇಬಾರದು. ಖಾಲಿ ಶೀಟ್‌ನಲ್ಲಿ ಡೇಟಾ, ಫ್ರಮ್ ಟೆಕ್ಸ್ಟ್/ಸಿಎಸ್‌ವಿ, ಆಮೇಲೆ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ. ತೆರೆಯುವ ಕಿಟಕಿಯ ಬಲಗಡೆ ತಾನಾಗಿ ಸೇರಿರುವ 'ಚೇಂಜ್ಡ್ ಟೈಪ್' ಹಂತವನ್ನು ಮೊದಲು ತೆಗೆಯಿರಿ. ಇದು ಉಳಿದರೆ ಮುಂದಿನದೆಲ್ಲ ವ್ಯರ್ಥ. ಈಗ ತಾರೀಖಿನ ಕಾಲಂ ಮೇಲೆ ರೈಟ್ ಕ್ಲಿಕ್, ಚೇಂಜ್ ಟೈಪ್, ಯೂಸಿಂಗ್ ಲೊಕೇಲ್ (ಯಾವ ದೇಶದ ಬರವಣಿಗೆ ಕ್ರಮ ಅಂತ ಹೇಳುವುದು). ಟೈಪ್ ಡೇಟ್/ಟೈಮ್, ಲೊಕೇಲ್ ಇಂಗ್ಲಿಷ್ (ಇಂಡಿಯಾ). ಎರಡೂ ಕಾಲಂಗೆ ಮಾಡಿ, ಕ್ಲೋಸ್ ಆ್ಯಂಡ್ ಲೋಡ್.

ರಿಪೋರ್ಟ್ ಸಮಯದಿಂದ ಸ್ಯಾಂಪಲ್ ಸಮಯ ಕಳೆದು 24ರಿಂದ ಗುಣಿಸಿದರೆ ಗಂಟೆ ಸಿಗುತ್ತದೆ. ಆ ಸೆಲ್‌ನ ಫಾರ್ಮ್ಯಾಟ್ ನಂಬರ್ ಇರಲಿ. ಸರಾಸರಿ ಬದಲು ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) ನೋಡಿ, 48 ಗಂಟೆ ದಾಟಿದವನ್ನು ಬೇರೆಯಾಗಿ ಎಣಿಸಿ.