ಜೋನಿ ಬೆಲ್ಲ, ನಿಂಬೆರಸದ ಸಲಾಡ್ ಡ್ರೆಸಿಂಗ್

ಅಂಗಡಿಯಲ್ಲಿ ಸಿಗುವ ಸಿಹಿ-ಹುಳಿ ಸಲಾಡ್ ಡ್ರೆಸಿಂಗ್ ಬಾಟಲಿಯ ಹಿಂದಿನ ಚೀಟಿ ಒಮ್ಮೆ ಓದಿ ನೋಡಿ. ಹೆಚ್ಚಿನವುಗಳಲ್ಲಿ ಎಣ್ಣೆ, ಸಕ್ಕರೆ, ವಿನೆಗರ್, ಉಪ್ಪು, ಸಾಸಿವೆ ಇರುತ್ತವೆ. ಜೊತೆಗೆ ಮಂದ ಬರಿಸಲು ಏನೋ ಒಂದು ಅಂಟು, ಕೆಡದ ಹಾಗೆ ಇರಲು ಇನ್ನೊಂದು. ಕೊನೆಯ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಅಡುಗೆಮನೆಯಲ್ಲೇ ಇರುವ ಸಾಮಾನು, ಅಲ್ವಾ?

ನಾನು ಶಿರಸಿ ಕಡೆಯವಳು, ಈಗ ಮೈಸೂರಿನಲ್ಲಿ ಸಂಸಾರ. ನಮ್ಮ ಮನೆಯ ಡ್ರೆಸಿಂಗ್‌ಗೆ ಸಿಹಿ ಬರುವುದು ಜೋನಿ ಬೆಲ್ಲದಿಂದ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಅಚ್ಚಿಗೆ ಹೊಯ್ಯುವ ಹದಕ್ಕಿಂತ ಮೊದಲೇ ಇಳಿಸಿದ, ನೀರಾಗಿಯೇ ಇರುವ ಬೆಲ್ಲ ಅದು. ಮಲೆನಾಡಿನವರಿಗೆ ದೋಸೆ ಜೊತೆ ಇದನ್ನು ನೆಂಚಿಕೊಂಡು ಗೊತ್ತೇ ಇರುತ್ತದೆ. ಡ್ರೆಸಿಂಗ್‌ಗೆ ಜೇನುತುಪ್ಪಕ್ಕಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಜೇನಿನಲ್ಲಿ ಸಿಹಿ ಮುಂದೆ ಬಂದು ನಿಲ್ಲುತ್ತದೆ. ಜೋನಿ ಬೆಲ್ಲಕ್ಕೆ ಹೊಗೆಯ ವಾಸನೆ ಒಂಚೂರು, ಉಪ್ಪಿನಂಶ ಒಂಚೂರು ಇರುವುದರಿಂದ ಹುಳಿಯ ಜೊತೆ ಬೇಗ ಹೊಂದಿಕೊಳ್ಳುತ್ತದೆ. ಕರಗಿಸುವ, ಸೋಸುವ ಕೆಲಸವೂ ಇಲ್ಲ.

ನಾಲ್ಕು ಜನಕ್ಕೆ ಎರಡು ಊಟಕ್ಕಾಗುವಷ್ಟಕ್ಕೆ ಅಳತೆ ಹೇಳುತ್ತೇನೆ. ಜೋನಿ ಬೆಲ್ಲ 2 ದೊಡ್ಡ ಚಮಚ, ನಿಂಬೆರಸ 3 ದೊಡ್ಡ ಚಮಚ, ಶೇಂಗಾ ಎಣ್ಣೆ 4 ದೊಡ್ಡ ಚಮಚ. ಹಸಿ ಸಾಸಿವೆ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಆಗ ತಾನೇ ಕುಟ್ಟಿದ ಕಾಳುಮೆಣಸು ಕಾಲು ಟೀ ಚಮಚ, ಶುಂಠಿ ತುರಿದು ಹಿಂಡಿದ ರಸ ಅರ್ಧ ಟೀ ಚಮಚ. ದೊಡ್ಡ ಚಮಚ ಅಂದರೆ 15 ಎಂ.ಎಲ್. ಹಿಡಿಯುವುದು, ಟೀ ಚಮಚ 5 ಎಂ.ಎಲ್. ನಿಂಬೆಹಣ್ಣು ಸಣ್ಣದಿದ್ದರೆ ಮೂರು ಬೇಕಾಗಬಹುದು, ರಸ ತುಂಬಿದ್ದಾದರೆ ಎರಡು ಸಾಕು.

ಯುರೋಪಿನ ಅಡುಗೆ ಪುಸ್ತಕಗಳಲ್ಲಿ ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ ಎಂಬ ಲೆಕ್ಕ ಇರುತ್ತದೆ. ಸಿಹಿ-ಹುಳಿ ಡ್ರೆಸಿಂಗ್‌ಗೆ ಅಷ್ಟು ಎಣ್ಣೆ ಬೇಡ. ಎಣ್ಣೆ ಹುಳಿಯ ಚುರುಕನ್ನು ತಗ್ಗಿಸುತ್ತದೆ. ಇಲ್ಲಿ ಆ ಕೆಲಸದ ಅರ್ಧವನ್ನು ಬೆಲ್ಲವೇ ಮಾಡುತ್ತದೆ.

ಮೊದಲು ಸಾಸಿವೆ. ಇದನ್ನು ಹುರಿಯಬಾರದು, ಒಗ್ಗರಣೆಗೂ ಹಾಕಬಾರದು. ಹಸಿ ಸಾಸಿವೆಯನ್ನು ಒರಳಲ್ಲೋ ಸಣ್ಣ ಮಿಕ್ಸಿ ಜಾರಿನಲ್ಲೋ ಪುಡಿ ಮಾಡಿ, ಒಂದು ದೊಡ್ಡ ಚಮಚ ತಣ್ಣೀರಿನಲ್ಲಿ ಕಲಸಿ 10 ನಿಮಿಷ ಬಿಡಿ. ಸಾಸಿವೆಯ ಘಾಟು ಕಾಳಿನಲ್ಲಿ ಮೊದಲೇ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದ ಮೇಲೆ ಒಳಗಿನ ಕಿಣ್ವ ಕೆಲಸ ಶುರುಮಾಡಿ ಅದನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಸತ್ತು ಕಹಿ ಮಾತ್ರ ಉಳಿಯುತ್ತದೆ. ಶುರುವಿಗೇ ನಿಂಬೆರಸ ಹಾಕಿದರೂ ಘಾಟು ಪೂರ್ತಿ ಏಳುವುದಿಲ್ಲ. 10 ನಿಮಿಷ ಆದಮೇಲೆ ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯಿರಿ, ಕಣ್ಣಿನ ಮೂಲೆಯಲ್ಲಿ ಚುರ್ ಅನ್ನಬೇಕು. ಆಗ ನಿಂಬೆರಸ ಸೇರಿಸಿದರೆ ಆ ಘಾಟು ಹಾಗೇ ನಿಲ್ಲುತ್ತದೆ.

ಮಾವಿನಹಣ್ಣಿನ ಸಾಸಿವೆ, ಅನಾನಸ್ ಸಾಸಿವೆ ಉಂಡವರಿಗೆ ಈ ರುಚಿ ಹೊಸದಲ್ಲ. ಬೆಲ್ಲ, ಹುಳಿ, ಹಸಿ ಸಾಸಿವೆ ಮೂರನ್ನೂ ಒಟ್ಟಿಗೆ ಹಾಕಿ ರುಚಿ ಹಿಡಿಯುವುದು ನಮ್ಮ ಆಯಿಗೆ ಕೈಗೇ ಬಂದಿತ್ತು. ಅಲ್ಲಿ ತೆಂಗಿನಕಾಯಿ ಮಾಡುವ ಕೆಲಸವನ್ನು ಇಲ್ಲಿ ಎಣ್ಣೆ ಮಾಡುತ್ತದೆ, ಅಷ್ಟೇ.

ಈಗ ಸಾಸಿವೆ ಬಟ್ಟಲಿಗೆ ನಿಂಬೆರಸ, ಉಪ್ಪು, ಜೋನಿ ಬೆಲ್ಲ, ಶುಂಠಿ ರಸ ಹಾಕಿ ಚಮಚದಲ್ಲಿ ತಿರುಗಿಸಿ. ಉಪ್ಪಿನ ಹರಳು ತಳದಲ್ಲಿ ಕರಕರ ಅನ್ನುವುದು ನಿಲ್ಲುವವರೆಗೂ ತಿರುಗಿಸಿ. ಎಣ್ಣೆಯನ್ನು ಈಗಲೇ ಮುಟ್ಟಬೇಡಿ. ಈ ಇಡೀ ಕೆಲಸದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಎಣ್ಣೆ ಬೀಳುವ ಮೊದಲೇ ರುಚಿ ಮುಗಿದಿರಬೇಕು. ಉಪ್ಪು, ಬೆಲ್ಲ ಕರಗುವುದು ನೀರಿನಂಶದಲ್ಲಿ, ಎಣ್ಣೆಯಲ್ಲಿ ಅಲ್ಲ. ಎಲ್ಲವನ್ನೂ ಒಟ್ಟಿಗೆ ಸುರಿದು ಕುಲುಕಿದರೆ ಉಪ್ಪು ಅಡಿಯಲ್ಲಿ ಕೂರುತ್ತದೆ. ಮೇಲಿನ ಸಲಾಡ್ ಸಪ್ಪೆ, ಕೊನೆಯ ತುತ್ತು ಉಪ್ಪುಪ್ಪು. ನಾಲಿಗೆಗೆ ಎಣ್ಣೆ ಸವರಿದ ಮೇಲೆ ಹುಳಿ ಎಷ್ಟಿದೆ, ಸಿಹಿ ಎಷ್ಟಿದೆ ಅಂತ ಸರಿಯಾಗಿ ತಿಳಿಯುವುದೂ ಇಲ್ಲ.

ರುಚಿ ನೋಡುವುದಕ್ಕೂ ಕ್ರಮ ಇದೆ. ಚಮಚದಿಂದ ಬರೀ ರಸ ನೆಕ್ಕಬೇಡಿ. ಒಂದು ಬಿಲ್ಲೆ ಸೌತೆಕಾಯಿ ಅದ್ದಿ ತಿನ್ನಿ. ಬರೀ ರಸ ಜೋರಾಗಿಯೇ ಇರಬೇಕು, ನಾಲಿಗೆ ಚುಳ್ ಅನ್ನುವಷ್ಟು. ತರಕಾರಿಯ ನೀರು ಸೇರಿದ ಮೇಲೆ ಅದು ಹದಕ್ಕೆ ಬರುತ್ತದೆ. ತುಂಬಾ ಹುಳಿ ಅನ್ನಿಸಿದರೆ ತಕ್ಷಣ ಬೆಲ್ಲಕ್ಕೆ ಕೈ ಹಾಕಬೇಡಿ. ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಹುಳಿ ತಗ್ಗುತ್ತದೆ. ಆಮೇಲೂ ಬೇಕೆನ್ನಿಸಿದರೆ ಅರ್ಧ ಟೀ ಚಮಚ ಬೆಲ್ಲ. ಸಿಹಿ ಜಾಸ್ತಿಯಾದರೆ ನಿಂಬೆರಸ ಹನಿ ಹನಿಯಾಗಿ ಹಾಕಿ. ಕಹಿ ಬಂದಿದ್ದರೆ ನಿಂಬೆಯ ಸಿಪ್ಪೆ ನಜ್ಜಾಗುವ ಹಾಗೆ ಹಿಂಡಿದ್ದೀರಿ ಅಥವಾ ಬೀಜ ಜಜ್ಜಿ ಹೋಗಿದೆ ಅಂತ ಅರ್ಥ. ಆ ಕಹಿಯನ್ನು ತೆಗೆಯುವುದು ಕಷ್ಟ, ಹೊಸದಾಗಿ ಹಿಂಡುವುದೇ ವಾಸಿ.

ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾ ಇನ್ನೊಂದು ಕೈಯಲ್ಲಿ ಫೋರ್ಕ್‌ನಿಂದ ಬಿರುಸಾಗಿ ಕಡೆಯಿರಿ. ಮೊದಲ ಒಂದು ಚಮಚ ಎಣ್ಣೆ ತೀರಾ ನಿಧಾನಕ್ಕೆ ಹೋಗಬೇಕು. ಕಪ್ಪಾಗಿ ಹೊಳೆಯುತ್ತಿದ್ದ ರಸ ನೋಡನೋಡುತ್ತಾ ಮಬ್ಬಾಗಿ, ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಹರಡಿಕೊಂಡ ಗುರುತು ಅದು. ಆ ಹನಿಗಳು ಮತ್ತೆ ಕೂಡಿಕೊಳ್ಳದ ಹಾಗೆ ತಡೆಯುವುದು ಸಾಸಿವೆ ಸಿಪ್ಪೆಯ ಲೋಳೆ. ಬೆಲ್ಲದ ಮಂದವೂ ಸಹಾಯ ಮಾಡುತ್ತದೆ. ಕಡೆಯುವ ತಾಳ್ಮೆ ಇಲ್ಲದವರು ಉಪ್ಪು, ಬೆಲ್ಲ ಕರಗಿದ ಈ ರಸವನ್ನೂ ಎಣ್ಣೆಯನ್ನೂ ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಗೆ ಸುರಿದು ಅರ್ಧ ನಿಮಿಷ ಜೋರಾಗಿ ಕುಲುಕಿ, ಅದೂ ಆಗುತ್ತದೆ. ಕಾಳುಮೆಣಸು ಕೊನೆಗೆ.

ಎಣ್ಣೆಯ ವಿಷಯ. ಗಾಣದ ಶೇಂಗಾ ಎಣ್ಣೆಯ ಪರಿಮಳ ಬೆಲ್ಲಕ್ಕೆ ಹೇಳಿ ಮಾಡಿಸಿದ ಜೋಡಿ. ಆ ವಾಸನೆ ಆಗದವರು ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಹಾಕಿ, ರುಚಿಗೆ ಅದು ಅಡ್ಡ ಬರುವುದಿಲ್ಲ. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ತಣ್ಣಗಿನ ಸೌತೆಕಾಯಿಯ ಮೇಲೆ ಬಿಳಿ ಚೂರಾಗಿ ಕೂರುತ್ತದೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ ಇದ್ದರೆ ಕೈಯಲ್ಲೇ ಕಡೆಯಿರಿ. ಮಿಕ್ಸಿಯಲ್ಲಿ ತಿರುಗಿಸಿದರೆ ಅದು ಕಹಿ ಬರುವುದುಂಟು.

ಜೋನಿ ಬೆಲ್ಲ ಸಿಗದ ಊರಿನವರು ಅಚ್ಚು ಬೆಲ್ಲ ತೆಗೆದುಕೊಳ್ಳಿ. 50 ಗ್ರಾಂ ಜಜ್ಜಿ, 2 ದೊಡ್ಡ ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಪಾಕ ಬರಿಸುವುದು ಬೇಡ, ಕರಗಿದರೆ ಸಾಕು. ತೆಳು ಬಟ್ಟೆಯಲ್ಲಿ ಸೋಸಿ, ಯಾಕೆಂದರೆ ಬೆಲ್ಲದಲ್ಲಿ ಮರಳು ಇರುವುದು ಮಾಮೂಲು. ಪೂರ್ತಿ ತಣ್ಣಗಾದ ಮೇಲೆಯೇ ಸಾಸಿವೆಗೆ ಸೇರಿಸಿ. ಬಣ್ಣ ಕಪ್ಪಗಿರುವ ಬೆಲ್ಲವನ್ನೇ ಆರಿಸಿ. ತೀರಾ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಿಳುಪು ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವ ಸಾಧ್ಯತೆ ಜಾಸ್ತಿ. ಜೇನುತುಪ್ಪವೇ ಹಾಕುತ್ತೇನೆ ಅನ್ನುವವರು ಒಂದೂವರೆ ದೊಡ್ಡ ಚಮಚಕ್ಕೆ ನಿಲ್ಲಿಸಿ. ಒಂದು ವರ್ಷ ತುಂಬದ ಮಗುವಿಗೆ ಅದರ ಒಂದು ಹನಿಯೂ ಬೇಡ.

ಹುಳಿಯನ್ನೂ ಬದಲಾಯಿಸಬಹುದು. ಹೇರಳೆಕಾಯಿ ರಸ ಹಾಕಿದರೆ ಪರಿಮಳವೇ ಬೇರೆ. ಒಣಗಿದ ಮುರುಗಲು (ಪುನರ್ಪುಳಿ) ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ತಣಿಸಿದ ರಸ ಹಾಕಿದರೆ ಕೆಂಪು ಬಣ್ಣ ಬರುತ್ತದೆ. ಅದರ ಹುಳಿ ಮೃದು, ಅರ್ಧ ಚಮಚ ಜಾಸ್ತಿ ಬೇಕಾದೀತು. ಕೊಡಗಿನ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ಮನೆಯಲ್ಲಿದ್ದರೆ ಒಂದೇ ಟೀ ಚಮಚದಿಂದ ಶುರುಮಾಡಿ, ಬಹಳ ಖಡಕ್ಕು. ಉಳಿದ ಅಳತೆಗೆ ನೀರು ಸೇರಿಸಿ.

ತರಕಾರಿಗೆ ಕಲಸುವ ಹೊತ್ತೂ ಮುಖ್ಯ. ಸೌತೆಕಾಯಿ, ಟೊಮೇಟೊ ಇದ್ದರೆ ತಟ್ಟೆ ಹಾಕುವಾಗಲೇ ಕಲಸಿ. ಕೋಸಂಬರಿಗೆ ಉಪ್ಪು ಮೊದಲೇ ಹಾಕಿಟ್ಟರೆ ನೀರು ಬಿಡುತ್ತದಲ್ಲ, ಇದೂ ಹಾಗೇ. ಎಲೆಕೋಸು, ಕ್ಯಾರೆಟ್, ಮೂಲಂಗಿ ಬೇರೆ ಲೆಕ್ಕ. ತೆಳ್ಳಗೆ ಹೆಚ್ಚಿ, ಡ್ರೆಸಿಂಗ್ ಹಾಕಿ, ಕೈಯಿಂದ ಮೆತ್ತಗೆ ಕಿವುಚಿ ಕಾಲು ಗಂಟೆ ಬಿಟ್ಟರೆ ಹಸಿ ವಾಸನೆ ಹೋಗಿ ರುಚಿ ಒಳಗೆ ಇಳಿಯುತ್ತದೆ. ಸೊಪ್ಪು ಹಾಕುವುದಾದರೆ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎಲೆಯ ಮೇಲೆ ನೀರು ನಿಂತಿದ್ದರೆ ಡ್ರೆಸಿಂಗ್ ಜಾರಿ ತಳ ಸೇರುತ್ತದೆ. ದೊಡ್ಡ ಬಟ್ಟಲು ಸಲಾಡ್‌ಗೆ 3 ರಿಂದ 4 ದೊಡ್ಡ ಚಮಚ ಸಾಕು. ಅಡಿಯಲ್ಲಿ ಕೆರೆ ನಿಂತರೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ನಮ್ಮ ಮಗಳಿಗೆ ಇಷ್ಟವಾದದ್ದು ಎಲೆಕೋಸು, ಹುಳಿ-ಸಿಹಿ ಅನಾನಸ್ ಚೂರು, ಮೇಲೆ ಹುರಿದು ಒಡೆದ ಶೇಂಗಾ ಬೀಜ. ಡಬ್ಬಿಗೆ ಹಾಕಿ ಕಳಿಸುವಾಗ ಡ್ರೆಸಿಂಗ್ ಮತ್ತು ಶೇಂಗಾ ಎರಡನ್ನೂ ಬೇರೆ ಬೇರೆ ಕಟ್ಟಿಕೊಡುತ್ತೇನೆ.

ಉಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನೊಳಗಿಟ್ಟು 4 ದಿನದೊಳಗೆ ಮುಗಿಸಿ. ನಿಂಬೆಯ ತಾಜಾ ಪರಿಮಳ ಎರಡನೇ ದಿನಕ್ಕೇ ಇಳಿಯುತ್ತದೆ, ಆಗ ನಾಲ್ಕು ಹನಿ ಹೊಸ ರಸ ಬೆರೆಸಿಕೊಳ್ಳಿ. ತಂಪಿಗೆ ಶೇಂಗಾ ಎಣ್ಣೆ ಮಂದವಾಗಿ ಮಬ್ಬಾಗುತ್ತದೆ, ಕೆಟ್ಟಿದೆ ಅಂತ ಚೆಲ್ಲಬೇಡಿ. 10 ನಿಮಿಷ ಹೊರಗಿಟ್ಟು ಕುಲುಕಿದರೆ ಮೊದಲಿನ ಹಾಗೆ ಆಗುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕುವ ಆಸೆ ಇದ್ದರೆ ಅವತ್ತಿನ ಊಟಕ್ಕೆ ಬೇಕಾದಷ್ಟಕ್ಕೆ ಮಾತ್ರ ಹಾಕಿ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿಯನ್ನು ಹೊರಗಡೆ ಇಟ್ಟರೆ ಬೊಟುಲಿಸಂ ಎಂಬ ವಿಷಬಾಧೆ ತರುವ ಸೂಕ್ಷ್ಮಜೀವಿ ಬೆಳೆಯಬಹುದು, ಅದು ವಾಸನೆಯಿಂದಲೂ ರುಚಿಯಿಂದಲೂ ತಿಳಿಯುವುದಿಲ್ಲ. ಬಾಟಲಿಯೊಳಗೆ ನೊರೆ ಎದ್ದಿದ್ದರೆ, ಮುಚ್ಚಳ ತೆಗೆದಾಗ ಬುಸ್ ಅಂದರೆ ಬೆಲ್ಲ ಹುಳಿತಿದೆ. ಅದನ್ನು ಚೆಲ್ಲಿ, ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿಕೊಂಡೇ ಮುಂದಿನದನ್ನು ತುಂಬಿ.