ಫೋಟೋದ ಹಿಂದಿನ ಸಾಲಿನ ಹುಡುಗರು

ನಾನು ಮಾಡಲು ಹೊರಟದ್ದು ಒಬ್ಬರ ಜೀವನದ ಸಾಕ್ಷ್ಯಚಿತ್ರ. ಕುಂದಾಪುರ ಕಡೆಯ ಹಳ್ಳಿಯಿಂದ 11ನೇ ವಯಸ್ಸಿಗೆ ಮುಂಬಯಿಗೆ ಬಂದವರು ಅವರು. ಫೋರ್ಟ್‌ನ ಹೋಟೆಲೊಂದರಲ್ಲಿ ಗ್ಲಾಸ್ ತೊಳೆಯುವ ಮಾಣಿಯಾಗಿದ್ದರು. ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದರು, ಬ್ಯಾಂಕ್ ಸೇರಿದರು. ಆಮೇಲೆ 22 ವರ್ಷ ಸಂಜೆ ಹೊತ್ತು ಅದೇ ಶಾಲೆಯಲ್ಲಿ ಪಾಠ ಹೇಳಿದರು. ಮಾಟುಂಗದಲ್ಲಿ ಎಲ್ಲರೂ ಅವರನ್ನು ಮಾಸ್ಟ್ರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಹಗಲು ನಾನು ಅಂಧೇರಿಯಲ್ಲಿ ಜಾಹೀರಾತು ಎಡಿಟ್ ಮಾಡುತ್ತೇನೆ. ಭಾನುವಾರಗಳು ಮಾತ್ರ ನನ್ನವು. ಕೈಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಒಂದು ಕಾಲರ್ ಮೈಕ್, ಜೊತೆಗೆ ಸೌಂಡ್ ನೋಡಿಕೊಳ್ಳಲು ಒಬ್ಬ ಗೆಳೆಯ. ಸಾಕ್ಷ್ಯಚಿತ್ರದ ಹುಚ್ಚು ಹತ್ತಿದ್ದು ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್‌ನಲ್ಲಿ. 1990ರಲ್ಲಿ ಶುರುವಾದ ಮುಂಬಯಿ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಿದ್ದೆ. ಒಂದೇ ದಿನ ಏಳೆಂಟು ಚಿತ್ರ ನೋಡಿ ಕೊನೆಯ ಲೋಕಲ್ ಹಿಡಿದದ್ದಿದೆ.

ಮೊದಲ ದಿನದ ಶೂಟಿಂಗ್ ಪೂರ್ತಿ ಹಾಳಾಯಿತು. ಚಿತ್ರ ಚೆನ್ನಾಗಿತ್ತು, ಆದರೆ ಮಾಸ್ಟ್ರ ಮಾತಿನ ಹಿಂದೆ ಫ್ರಿಜ್ಜಿನ ಗುಂಯ್ ಸದ್ದು, ಫ್ಯಾನಿನ ಗಾಳಿ, ಕೆಳಗಿನ ಹೋಟೆಲಿನ ಗ್ರೈಂಡರ್. ಮನೆಗೆ ಬಂದು ಹೆಡ್‌ಫೋನ್ ಹಾಕಿದ ಮೇಲೆ ಗೊತ್ತಾಯಿತು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಮುಂದಿನ ವಾರದಿಂದ ಫ್ಯಾನ್ ಬಂದ್, ಫ್ರಿಜ್ ಬಂದ್. ಹೋಗುವಾಗ ಫ್ರಿಜ್ ಮತ್ತೆ ಹಾಕಲು ಮರೆಯಬಾರದಲ್ವಾ, ಅದಕ್ಕೆ ನನ್ನ ಮನೆಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುತ್ತಿದ್ದೆ. ಗ್ರೈಂಡರ್ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಿಲ್ಲುತ್ತಿತ್ತು. ನಮ್ಮ ಎಲ್ಲ ಸಂದರ್ಶನಗಳೂ ಆ ಒಂದು ಗಂಟೆಯಲ್ಲೇ ಆದವು. ಪ್ರತಿ ಸಲ ಕೊನೆಗೆ ಎಲ್ಲರೂ ಸುಮ್ನೆ ಕೂತು ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡುತ್ತಿದ್ದೆವು. ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವೆ ತುಂಬಲು ಅದು ಬೇಕೇ ಬೇಕು.

ನಾಲ್ಕನೇ ಭಾನುವಾರ ಮಾಸ್ಟ್ರು ಒಂದು ಫೋಟೋ ತೆಗೆದರು. 1966ರ ತರಗತಿಯ ಫೋಟೋ. ಮೂರು ಸಾಲು, 27 ಹುಡುಗರು, ನಡುವೆ ಕೋಟು ಹಾಕಿದ ಮೇಷ್ಟ್ರು. ಕ್ಯಾಮೆರಾ ಓಡುತ್ತಿತ್ತು. ನಾನು ಖುಷಿಯಿಂದ, "ಇದರಲ್ಲಿ ನೀವು ಯಾರು ಮಾಸ್ಟ್ರೇ?" ಅಂದೆ. ಅವರು ತಮ್ಮ ಮುಖ ತೋರಿಸಲಿಲ್ಲ. ಬೆರಳನ್ನು ಹಿಂದಿನ ಸಾಲಿನ ಮೇಲೆ ಎಳೆದು, "ಎಲ್ಲ ನನ್ ಕಥೆನೇ ಕೇಳ್ತ್ರ್. ಉಳ್ದರ್ ಎಲ್ಲ್ ಹೋದ್ರ್ ಅಂದೇಳಿ ಯಾರೂ ಕೇಂತಿಲ್ಲ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಬರೆದಿಟ್ಟುಕೊಂಡಿದ್ದ ಕಥೆಯ ಹಾಳೆಗಳನ್ನು ತೆಗೆದು ನೋಡಿದೆ. ಬಡ ಹುಡುಗ, ಹೋಟೆಲು, ರಾತ್ರಿ ಶಾಲೆ, ಬ್ಯಾಂಕು, ಸನ್ಮಾನ. ನಾವು ಮುಂಬಯಿ ಕನ್ನಡಿಗರು ಈ ಕಥೆಯನ್ನು ವೇದಿಕೆಯಲ್ಲಿ ಎಷ್ಟು ಸಲ ಹೇಳಿಲ್ಲ! ಅದು ಸುಳ್ಳಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದ್ದರಿಂದ ಎಷ್ಟೋ ಮನೆಗಳು ಉದ್ಧಾರವಾದವು. ಆದರೆ 11 ವರ್ಷದ ಮಗು ಬೆಳಿಗ್ಗೆ ಐದಕ್ಕೆ ಎದ್ದು ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕೂತು ಗ್ಲಾಸ್ ತೊಳೆದದ್ದು ಆ ಕಥೆಯಲ್ಲಿ ಬರೀ ಒಂದು ಮೆಟ್ಟಿಲಾಗಿಬಿಡುತ್ತದೆ. ಮೆಟ್ಟಿಲು ಹತ್ತಲಾಗದೆ ಅಲ್ಲೇ ಉಳಿದವರು ಲೆಕ್ಕಕ್ಕೇ ಬರುವುದಿಲ್ಲ.

ಹುಡುಕಲು ಶುರು ಮಾಡಿದೆವು. ಹೆಸರುಗಳು ಮಾಸ್ಟ್ರಿಗೆ ನೆನಪಿದ್ದವು, ವಿಳಾಸ ಒಂದೂ ಇರಲಿಲ್ಲ. ಹೋಟೆಲುಗಳ ಗಲ್ಲಾದಲ್ಲಿ ಕೂತ ಹಿರಿಯರನ್ನು, ಜಾತಿ ಸಂಘಗಳ ಆಫೀಸುಗಳನ್ನು, ಡೊಂಬಿವಲಿ ಮತ್ತು ಮೀರಾ ರೋಡಿನ ಭಜನಾ ಮಂಡಳಿಗಳನ್ನು ಕೇಳಿದೆವು. ಫೋಟೋವನ್ನು ಎ3 ಅಳತೆಗೆ ಪ್ರಿಂಟ್ ಹಾಕಿಸಿದ್ದು ತುಂಬಾ ಕೆಲಸಕ್ಕೆ ಬಂತು. ಮೊಬೈಲಿನಲ್ಲಿ ತೋರಿಸಿದರೆ ವಯಸ್ಸಾದವರು ಕಣ್ಣು ಕಿರಿದು ಮಾಡಿ, "ಗೊತ್ತಾಗುವುದಿಲ್ಲ ಮಾರಾಯ" ಅಂದುಬಿಡುತ್ತಿದ್ದರು. ಅದೇ ದೊಡ್ಡ ಕಾಗದ ಟೇಬಲಿನ ಮೇಲೆ ಹರಡಿದರೆ ನಾಲ್ಕು ಜನ ಬಗ್ಗಿ ನೋಡುತ್ತಾರೆ, ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಾಗುತ್ತದೆ.

ಒಂದೂವರೆ ವರ್ಷದಲ್ಲಿ 27ರಲ್ಲಿ 11 ಜನರ ಸುದ್ದಿ ಸಿಕ್ಕಿತು. ಆರು ಜನ ತೀರಿಕೊಂಡಿದ್ದರು. ಉಳಿದ ಐವರಲ್ಲಿ ಒಬ್ಬರು ಥಾಣೆಯಲ್ಲಿ ಸ್ವಂತ ಹೋಟೆಲು ಮಾಡಿದ್ದರು. ಒಬ್ಬರು ಟ್ಯಾಕ್ಸಿ ಓಡಿಸಿದವರು. 1967ರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದರಲ್ಲ, ಆ ಚುನಾವಣೆಗೆ ಇವರು ಶಾಲೆ ತಪ್ಪಿಸಿ ರಾತ್ರಿಯಿಡೀ ಗೋಡೆಗೆ ಪೋಸ್ಟರ್ ಅಂಟಿಸಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ಹುಡುಗನ ಮುಖದ ಹಾಗೆ ಅರಳಿತು. ಇನ್ನೊಬ್ಬರು ಊರಿಗೆ ಮರಳಿದ್ದರು, ಮತ್ತೊಬ್ಬರು ಹಾಸಿಗೆ ಹಿಡಿದಿದ್ದರು.

ಐದನೆಯವರು ಡೊಂಬಿವಲಿಯಲ್ಲಿದ್ದರು. ಶಾಲೆಯಲ್ಲಿ ನಿದ್ದೆ ಬಂದುಬಿಡುತ್ತಿತ್ತು, ಅಷ್ಟೇ, ಅಂದರು. ದಿನಕ್ಕೆ 14 ಗಂಟೆ ನಿಂತ ಕಾಲು, ಬೆಂಚು ಸಿಕ್ಕಿದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಎರಡು ಸಲ ಫೇಲಾದ ಮೇಲೆ ಶಾಲೆ ಬಿಟ್ಟರು. 61 ವರ್ಷದವರೆಗೂ ಸಪ್ಲೈಯರ್ ಆಗಿಯೇ ಇದ್ದರು. ಕೈಯ ಬೆರಳುಗಳ ನಡುವೆ ಪಾತ್ರೆ ತೊಳೆಯುವ ಸೋಡಾ ನೀರು ತಿಂದ ಕಲೆ ಇನ್ನೂ ಇತ್ತು. ಎರಡು ಗಂಟೆ ಮಾತಾಡಿದರು. ನನ್ನ ಬಳಿ ಇದ್ದ 46 ಗಂಟೆಯ ಫೂಟೇಜಿನಲ್ಲಿ ಅಷ್ಟು ನಿಜವಾದ ಮಾತು ಬೇರೆ ಇರಲಿಲ್ಲ.

ಒಪ್ಪಿಗೆ ಪತ್ರಕ್ಕೆ ಅವರು ಸಹಿ ಹಾಕಿದ್ದರು. ಆದರೂ ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆ, ಆದ ಮೇಲೆ ಪ್ರತಿಯೊಬ್ಬರ ಮನೆಗೂ ಲ್ಯಾಪ್‌ಟಾಪ್ ಹಿಡಿದು ಹೋಗಿ ತೋರಿಸಬೇಕು ಅಂತ ನಾನು ಮೊದಲೇ ತೀರ್ಮಾನಿಸಿದ್ದೆ. ಶೂಟಿಂಗ್ ದಿನ ಕೊಡುವ ಒಪ್ಪಿಗೆ ಮಾತಾಡುವುದಕ್ಕೆ ಕೊಟ್ಟದ್ದು. ಆ ಮಾತು ಹಿನ್ನೆಲೆ ಸಂಗೀತದ ಜೊತೆ, ಇನ್ನೊಬ್ಬರ ಮಾತಿನ ಪಕ್ಕದಲ್ಲಿ ಹೇಗೆ ಕಾಣುತ್ತದೆ ಎಂಬುದು ಅವರಿಗೆ ಆಗ ಗೊತ್ತಿರುವುದಿಲ್ಲ. ಅವರು ಪೂರ್ತಿ ನೋಡಿದರು. ಸೊಸೆ ಚಹಾ ಕೊಟ್ಟು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಮಕ್ಕಳಿಗೆ ನಾನು ಮೆಟ್ರಿಕ್ ಆಗಿದ್ದೇನೆ ಅಂತಲೇ ಗೊತ್ತು. ಬೇಡ ಮಗಾ."

ನನಗೆ ಸಂಕಟವಾಯಿತು. ಸುಳ್ಳು ಹೇಳಬಾರದು, ತುಂಬಾ ಸಂಕಟವಾಯಿತು. ಮುಖ ಮಸುಕು ಮಾಡಬಹುದು, ದನಿ ಬದಲಿಸಬಹುದು ಅಂತ ಗೆಳೆಯ ಅಂದ. ಆದರೆ ಮನೆಯವರು ಅಪ್ಪನನ್ನು ಕೈ ನೋಡಿಯೇ ಗುರುತಿಸುತ್ತಾರೆ. ಮುಂದಿನ ಭಾನುವಾರ ಎರಡೂ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋಗಿ ಅವರ ಎದುರಿಗೇ ಆ ಫೈಲುಗಳನ್ನು ಅಳಿಸಿದೆ. ಇಲ್ಲಿಯೂ ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ, ಅವರನ್ನು ಕೇಳಿಯೇ.

ಚಿತ್ರದಲ್ಲಿ ಆ ಜಾಗ ಖಾಲಿಯಾಯಿತು. ಅಲ್ಲಿ ಈಗ ಬೇರೊಂದು ಹೋಟೆಲಿನ ಮೋರಿಯ ಶಾಟ್ ಇದೆ. ನಲ್ಲಿ ಸುರಿಯುತ್ತಿದೆ, ಗ್ಲಾಸುಗಳ ಸದ್ದು, ಯಾರೂ ಮಾತಾಡುವುದಿಲ್ಲ, 40 ಸೆಕೆಂಡು. ಅದರ ಮೇಲೆ ಎರಡು ಸಾಲು ಬರಹ: 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಗೆ ಹೋಟೆಲು, ಢಾಬಾಗಳು ಸೇರಿದ್ದು 2006ರ ಅಕ್ಟೋಬರ್ 10ರಂದು. ಫೋಟೋದ ಹುಡುಗರು ಆಗ ಅಜ್ಜಂದಿರಾಗಿದ್ದರು.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಮಾಸ್ಟ್ರ ಕುಂದಾಪುರ ಕನ್ನಡಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿದೆ. ಕೆಲವರು ಬೇಜಾರು ಮಾಡಿಕೊಂಡರು. ಆದರೆ ಧಾರವಾಡ ಕಡೆಯ ನನ್ನ ಅಮ್ಮನಿಗೆ ಅರ್ಧ ಮಾತು ಅರ್ಥವಾಗಿರಲಿಲ್ಲ. ಮೊಮ್ಮಕ್ಕಳಿಗಾಗಿ ಮರಾಠಿಯದೂ ಮಾಡಿದೆವು, ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಚಿತ್ರ 52 ನಿಮಿಷಕ್ಕೆ ನಿಂತಿತು. ಕೊನೆಯ ಶಾಟ್ ಆ ಫೋಟೋ. ಸುದ್ದಿ ಸಿಕ್ಕವರ ಹೆಸರು ಒಂದೊಂದಾಗಿ ಬರುತ್ತದೆ, ಒಂದನ್ನು ಬಿಟ್ಟು. ಉಳಿದ ಮುಖಗಳ ಕೆಳಗೆ ಏನೂ ಇಲ್ಲ. ಮಾಸ್ಟ್ರು ಆ ದೊಡ್ಡ ಪ್ರಿಂಟನ್ನು ಈಗ ಬಾಗಿಲ ಪಕ್ಕದ ಗೋಡೆಗೆ ಹಾಕಿಕೊಂಡಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಕಳೆದ ತಿಂಗಳು ಫೋನ್ ಮಾಡಿ, ಎರಡನೇ ಸಾಲಿನ ಎಡದಿಂದ ಮೂರನೆಯವರು ಬೈಂದೂರಿನಲ್ಲಿದ್ದಾರಂತೆ, ಕ್ಯಾಮೆರಾ ಚಾರ್ಜ್ ಮಾಡಿಟ್ಟುಕೋ ಅಂದರು.